ಪ್ರಯಾಣಿಕರಿಗೆ ಮಾತ್ರ ಊಟ

“ಚೀಲ ಎಲ್ಲಿ ಅಂಕಲ್?” ಎಂದು ಕೇಳಿದಳು ಯಾಕಮ್ಮ.

ಕಂಡಕ್ಟರ್ ಹೆಗಲಿಗೆ ನೇತುಹಾಕಿಕೊಂಡಿದ್ದ ಟಿಕೆಟಿನ ಚೀಲವನ್ನು ಎತ್ತಿ ತೋರಿಸಿದರು.

“ಅದಲ್ಲ. ಬಟ್ಟೆ ಇರೋ ಚೀಲ. ಊರಿಗೆ ಹೋಗೋವಾಗ ತಗೊಂಡು ಹೋಗ್ತಾರಲ್ಲ, ಆ ಥರದ್ದು.”

“ಬಟ್ಟೆ ಮೈಮೇಲೇ ಇದೆಯಲ್ಲಮ್ಮ. ಬೆಳಗ್ಗೆಯಿಂದ ಊರೂರು ಸುತ್ತಿ ಬಂದಿದ್ದೀನಿ. ನನಗಿಂತ ದೊಡ್ಡ ಪ್ರಯಾಣಿಕ ಯಾರಿದ್ದಾರೆ, ನೀನೇ ಹೇಳು.”

ಮಾತು ನಿಜ ಅನ್ನಿಸಿತು. ಯಾಕಮ್ಮ ಬಾಗಿಲಿನ ಪರದೆಯೊಳಗೆ ತಲೆ ತೂರಿಸಿ ಅಪ್ಪನನ್ನು ಕೇಳಿದಳು. ಅಪ್ಪ ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡ.

“ಪ್ರಯಾಣ ಮಾಡೋದು ಬಸ್ಸು. ಕಂಡಕ್ಟರ್ ಮಾಡೋದು ಡ್ಯೂಟಿ. ಡ್ಯೂಟಿ ಬೇರೆ, ಪ್ರಯಾಣ ಬೇರೆ. ಚೀಲ ಇಲ್ಲದೆ ಒಳಗೆ ಬಿಟ್ರೆ ಕಷ್ಟ ಆಗುತ್ತೆ.”

ಕಂಡಕ್ಟರ್ ಹಸಿದ ಹೊಟ್ಟೆಯಲ್ಲೇ ವಾಪಸ್ ಹೋದರು. ಅವರ ಹಿಂದೆಯೇ ಡ್ರಾಯಿಂಗ್ ಮೇಷ್ಟ್ರು ಬಂದರು. ಅವರ ಮನೆ ಎದುರು ಬೀದಿಯಲ್ಲೇ ಇತ್ತು. ಕೈಯಲ್ಲಿ ದೊಡ್ಡದೊಂದು ಸೂಟ್‌ಕೇಸ್ ಇತ್ತು. ಯಾಕಮ್ಮ ಪರದೆ ಸರಿಸಿ ದಾರಿ ಬಿಟ್ಟಳು.

ಅವಳ ನಿಜವಾದ ಹೆಸರು ಬೇರೆ. ಮಾತು ಕಲಿತಾಗಿನಿಂದ ಎಲ್ಲದಕ್ಕೂ ‘ಯಾಕೆ’ ಅನ್ನುತ್ತಿದ್ದಳು. ಅದನ್ನು ಕೇಳಿ ಕೇಳಿ ಸಾಕಾಗಿ ಅಜ್ಜಿ ಇಟ್ಟ ಹೆಸರು ಯಾಕಮ್ಮ. ಈಗ ಐದನೇ ಕ್ಲಾಸಿಗೆ ಬಂದರೂ ಹೆಸರು ಬಿಟ್ಟುಹೋಗಿರಲಿಲ್ಲ.

ಇಷ್ಟಕ್ಕೂ ಹೋಟೆಲಿನ ಬಾಗಿಲಲ್ಲಿ ಅವಳು ಯಾಕೆ ನಿಂತಿದ್ದಳು? ಅದಕ್ಕೆ ಕಾರಣ ಒಂದು ನೋಟಿಸು. ರಂಜಾನ್ ತಿಂಗಳು ಶುರುವಾಗುವ ಮುಂಚೆ ಅದು ಸರ್ಕಾರಿ ಆಫೀಸಿನಿಂದ ಎಲ್ಲ ಹೋಟೆಲುಗಳಿಗೂ ಬಂದಿತ್ತು. ಊರಿನಲ್ಲಿ ಬಹಳ ಜನ ಬೆಳಕು ಹರಿಯುವ ಮೊದಲಿನಿಂದ ಸೂರ್ಯ ಮುಳುಗುವ ತನಕ ಏನೂ ತಿನ್ನದೆ, ಹನಿ ನೀರೂ ಕುಡಿಯದೆ ಉಪವಾಸ ಇರುವ ತಿಂಗಳು ಅದು. ಹಾಗಾಗಿ ಹಗಲು ಹೋಟೆಲುಗಳು ಮುಚ್ಚಿರಬೇಕು, ಸಂಜೆ ತೆರೆಯಬೇಕು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲುಗಳು ಮಾತ್ರ ಹಗಲೂ ತೆರೆದಿರಬಹುದು. ಆದರೆ ತಿನ್ನುವುದು ಬೀದಿಗೆ ಕಾಣಬಾರದು, ಮತ್ತು ಪ್ರಯಾಣಿಕರಿಗೆ ಮಾತ್ರ ಊಟ ಕೊಡಬೇಕು.

ಅಕ್ಕಪಕ್ಕದ ಹೋಟೆಲಿನವರು ಬಾಗಿಲಿಗೆ ಒಂದು ಪರದೆ ಕಟ್ಟಿ ಸುಮ್ಮನಾದರು. ಅಪ್ಪ ಸುಮ್ಮನಾಗುವ ಪೈಕಿಯವನಲ್ಲ. ರೂಲ್ಸ್ ಅಂದರೆ ಅವನಿಗೆ ಮೊದಲಿನಿಂದಲೂ ಕೈಕಾಲು ನಡುಗುತ್ತದೆ. ಬಾಗಿಲಿಗೆ ಪರದೆ ಕಟ್ಟಿದ, ಕಿಟಕಿಗೆ ಬೆಡ್‌ಶೀಟ್ ಕಟ್ಟಿದ. ಆಮೇಲೆ ಬೀದಿಗೆ ಹೋಗಿ ನಿಂತು ಹೋಟೆಲನ್ನೇ ದಿಟ್ಟಿಸಿದ. ಬೋರ್ಡಿನ ಮೇಲೆ ಹಬೆಯಾಡುವ ಟೀ ಕಪ್ಪಿನ ಚಿತ್ರ ಕಾಣುತ್ತಿತ್ತು. ಏಣಿ ತಂದು ಅದಕ್ಕೆ ಪೇಪರ್ ಅಂಟಿಸಿದ. ಕೆಳಗಿಳಿದು ನೋಡಿದರೆ ‘ಊಟದ ಮನೆ’ ಎಂಬ ಹೆಸರಿನಲ್ಲೂ ಊಟ ಕಾಣುತ್ತಿತ್ತು. ಮತ್ತೆ ಏಣಿ ಹತ್ತಿ ‘ಊಟದ’ ಅನ್ನುವುದಕ್ಕೂ ಪೇಪರ್ ಅಂಟಿಸಿದ.

ಬೋರ್ಡಿನಲ್ಲಿ ಈಗ ‘ಮನೆ’ ಮಾತ್ರ ಉಳಿಯಿತು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರು ಬಂದು, ಬಾಡಿಗೆ ಎಷ್ಟು, ನೀರು ಚೆನ್ನಾಗಿ ಬರುತ್ತಾ ಎಂದು ವಿಚಾರಿಸಿಕೊಂಡು ಹೋದರು.

ಇನ್ನು ಪ್ರಯಾಣಿಕ ಅಂದರೆ ಯಾರು? ನೋಟಿಸಿನಲ್ಲಿ ಬರೆದಿರಲಿಲ್ಲ. ಅಪ್ಪ ಅದನ್ನು ಮತ್ತೆ ಮತ್ತೆ ಓದಿ, ಕೊನೆಗೆ ತಾನೇ ಒಂದು ತೀರ್ಮಾನಕ್ಕೆ ಬಂದ. ಚೀಲ ಇದ್ದವನು ಪ್ರಯಾಣಿಕ. ರಂಜಾನ್ ಅಂತ ಸ್ಕೂಲು ಬೇಗ ಬಿಡುತ್ತಿದ್ದುದರಿಂದ ಚೀಲ ನೋಡುವ ಕೆಲಸ ಯಾಕಮ್ಮನ ಪಾಲಿಗೆ ಬಂತು. ಅದರ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಹೋಟೆಲಿನ ಅಡುಗೆ ಅಮ್ಮನದು. ಅಮ್ಮ, ಅಪ್ಪ ಇಬ್ಬರೂ ಉಪವಾಸ. ಹಾಗಾಗಿ ಉಪ್ಪು, ಹುಳಿ, ಖಾರ ನೋಡುವವರು ಯಾರೂ ಇರಲಿಲ್ಲ. ಅಮ್ಮ ಸೌಟು ಹಿಡಿದು ಕೂಗುತ್ತಿದ್ದಳು, ಯಾಕಮ್ಮ ಓಡಿ ಹೋಗಿ ನೆಕ್ಕಿ, “ಇನ್ನೂ ಒಂದು ಚಿಟಿಕೆ” ಎಂದು ಹೇಳಿ ಬಾಗಿಲಿಗೆ ಓಡಿ ಬರುತ್ತಿದ್ದಳು.

ಊರಿನಲ್ಲಿ ಉಪವಾಸ ಇಲ್ಲದವರೂ ಇದ್ದರು. ಕಾಯಿಲೆಯವರು, ವಯಸ್ಸಾದವರು, ಬೇರೆ ದೇವರಿಗೆ ಕೈಮುಗಿಯುವವರು. ಅವರಿಗೂ ಮಧ್ಯಾಹ್ನ ಹಸಿವಾಗುತ್ತದಲ್ಲ. ‘ಮನೆ’ಯಲ್ಲಿ ಚೀಲ ಇದ್ದರೆ ಊಟ ಸಿಗುತ್ತದೆ ಎಂದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಕ್ಷೌರದ ಅಂಗಡಿಯವರು ಮಗನ ಸ್ಕೂಲ್ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬಂದರು. ಬ್ಯಾಗ್ ಅಂಗಡಿಯವರು ಬೆಲೆಚೀಟಿ ತೂಗಾಡುತ್ತಿದ್ದ ಹೊಸ ಸೂಟ್‌ಕೇಸ್ ತಂದರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ದಿನವೂ ಅದೇ ಸೂಟ್‌ಕೇಸ್ ಹಿಡಿದು ರಸ್ತೆ ದಾಟಿ ಬಂದು, ಊಟ ಮಾಡಿ, ರಸ್ತೆ ದಾಟಿ ಹೋಗುತ್ತಿದ್ದರು. ಮೇಜುಗಳ ನಡುವೆ ಕಾಲಿಡಲು ಜಾಗ ಇಲ್ಲದಷ್ಟು ಸಾಮಾನು ತುಂಬುತ್ತಿತ್ತು. ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ.

ಯಾಕಮ್ಮನಿಗೆ ಇದೆಲ್ಲ ಬಲು ತಮಾಷೆಯಾಗಿತ್ತು. ಮೇಲೆ ಮಹಡಿಯಲ್ಲಿ ನಡೆಯುತ್ತಿದ್ದುದು ಮಾತ್ರ ತಮಾಷೆಯಾಗಿರಲಿಲ್ಲ.

ಹೋಟೆಲಿನ ಮೇಲೆಯೇ ಅವರ ಮನೆ. ಅಲ್ಲಿ ಹಗಲೆಲ್ಲ ಅಜ್ಜಿ ಒಬ್ಬಳೇ. ಅಜ್ಜಿಗೆ ಸಕ್ಕರೆ ಕಾಯಿಲೆ. ಈ ಸಲ ಉಪವಾಸ ಬೇಡವೇ ಬೇಡ, ಮಧ್ಯಾಹ್ನ ಮಾತ್ರೆ ನುಂಗಿ ಊಟ ಮಾಡದಿದ್ದರೆ ತಲೆ ಸುತ್ತಿ ಬೀಳ್ತೀರಿ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಅಜ್ಜಿ ಡಾಕ್ಟರ ಎದುರು ತಲೆಯಾಡಿಸಿ ಬಂದಿದ್ದಳು.

ದಿನಾ ಮಧ್ಯಾಹ್ನ ಅಪ್ಪ ಒಂದು ಡಬ್ಬಿಯಲ್ಲಿ ಊಟ ಹಾಕಿ ಯಾಕಮ್ಮನ ಕೈಲಿ ಕೊಡುತ್ತಿದ್ದ. ಅವಳು ಮೇಲೆ ಒಯ್ಯುತ್ತಿದ್ದಳು. ಅಜ್ಜಿ ಬಸ್ ಸ್ಟ್ಯಾಂಡಿನ ಕಡೆಯ ಬಾಲ್ಕನಿಗೆ ಹೋಗಿ, ಡಬ್ಬಿಯನ್ನು ಬೀದಿ ಬೆಕ್ಕಿನ ಮುಂದೆ ಸುರಿದು, ತೊಳೆದು ವಾಪಸ್ ಕೊಡುತ್ತಿದ್ದಳು.

“ಯಾಕಜ್ಜಿ?” ಎಂದು ಮೊದಲ ದಿನವೇ ಕೇಳಿದ್ದಳು ಯಾಕಮ್ಮ.

“ನಿನ್ನಷ್ಟಿದ್ದಾಗಿಂದ ಒಂದು ವರ್ಷವೂ ಬಿಟ್ಟಿಲ್ಲ ಕಣೆ. ನಿಮ್ಮಪ್ಪನಿಗೆ ಹೇಳಿದ್ಯೋ, ನಾನು ನಿನ್ನ ಜೊತೆ ಮಾತು ಬಿಟ್ಟುಬಿಡ್ತೀನಿ.”

ಯಾಕಮ್ಮ ಹೇಳಲಿಲ್ಲ. ಕೆಳಗೆ ಬಂದಾಗ ಅಪ್ಪ, “ಅಜ್ಜಿ ಊಟ ಮಾಡಿದಳಾ?” ಅನ್ನುತ್ತಿದ್ದ. “ಡಬ್ಬಿ ಖಾಲಿ ಅಪ್ಪ” ಎಂದು ಅವಳು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಳು. ಸುಳ್ಳು ಹೇಳಿದ ಹಾಗೂ ಆಗುತ್ತಿರಲಿಲ್ಲ, ನಿಜ ಹೇಳಿದ ಹಾಗೂ ಆಗುತ್ತಿರಲಿಲ್ಲ. ಬೆಕ್ಕು ದಿನದಿಂದ ದಿನಕ್ಕೆ ಉಬ್ಬುತ್ತಿತ್ತು, ಅಜ್ಜಿ ಸೊರಗುತ್ತಿದ್ದಳು. ರಾತ್ರಿ ಹಾಸಿಗೆಯಲ್ಲಿ ಮಲಗಿದಾಗ ಯಾಕಮ್ಮನಿಗೆ ಇದೇ ಯೋಚನೆ. ಹೇಳಿದರೆ ಅಜ್ಜಿ ಮಾತು ಬಿಡುತ್ತಾಳೆ. ಹೇಳದಿದ್ದರೆ ಅಜ್ಜಿಗೆ ಏನಾದರೂ ಆಗಿಬಿಟ್ಟರೆ?

ಒಂದು ಮಧ್ಯಾಹ್ನ ಹೋಟೆಲಿಗೆ ಬ್ರೀಫ್‌ಕೇಸ್ ಹಿಡಿದ ಹೊಸಬರೊಬ್ಬರು ಬಂದರು. ಯಾಕಮ್ಮ ಖುಷಿಯಿಂದ ಪರದೆ ಸರಿಸಿದಳು. ಅಪ್ಪ ಕುರ್ಚಿ ಒರೆಸಿ ಕೂರಿಸಿ, ಅವರ ಮುಂದೆ ಒಂದು ಲೋಟ ನೀರು ಇಟ್ಟ.

“ನಾನು ಉಪವಾಸ,” ಎಂದರು ಅವರು.

“ಪರವಾಗಿಲ್ಲ ಸಾರ್. ಪ್ರಯಾಣಿಕರಿಗೆ ಮಾಫಿ ಇದೆ.”

“ನಾನು ಪ್ರಯಾಣಿಕ ಅಲ್ಲ. ನೋಟಿಸ್ ಕಳಿಸಿದ ಆಫೀಸರ್.”

ಅಪ್ಪ ಆ ನೀರಿನ ಲೋಟವನ್ನು ಎತ್ತಿಕೊಂಡು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದು ನಿಂತ. ಆಫೀಸರ್ ಸುತ್ತ ನೋಡಿದರು. ಊಟ ಮಾಡುತ್ತಿದ್ದವರೆಲ್ಲ ತಮ್ಮ ತಮ್ಮ ಚೀಲದ ಮೇಲೆ ಒಂದು ಕೈ ಇಟ್ಟುಕೊಂಡರು.

“ಎಲ್ಲಿಗೆ ಹೊರಟಿದ್ದೀರಿ?” ಎಂದು ಆಫೀಸರ್ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿದರು.

“ಊರಿಗೆ ಸಾರ್.”

“ಯಾವ ಊರಿಗೆ?”

ಮೇಷ್ಟ್ರು ಬಾಯಲ್ಲಿದ್ದ ತುತ್ತು ನುಂಗಿಕೊಂಡರು. “ಬಸ್ಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ,” ಎಂದರು.

ಸೂಟ್‌ಕೇಸ್ ತೆರೆಸಿದರೆ ಒಳಗೆ ಒಂದು ದಿಂಬು. ಬ್ಯಾಗ್ ಅಂಗಡಿಯವರ ಸೂಟ್‌ಕೇಸಿನಲ್ಲಿ ಕಂಪನಿಯವರು ತುರುಕಿದ್ದ ಕಾಗದದ ಉಂಡೆಗಳು. ಕ್ಷೌರದ ಅಂಗಡಿಯವರ ಬ್ಯಾಗಿನಲ್ಲಿ ಮಗನ ಗಣಿತದ ಹೋಂವರ್ಕ್ ಸಿಕ್ಕಿತು. ಅದು ಅವತ್ತು ಬೆಳಗ್ಗೆಯೇ ಸ್ಕೂಲಿನಲ್ಲಿ ತೋರಿಸಬೇಕಾಗಿದ್ದದ್ದು. ಆ ಹುಡುಗನಿಗೆ ಅವತ್ತು ಏನಾಯಿತೋ ಪಾಪ.

ಅಪ್ಪನಿಗೆ ಹೋಟೆಲು ಮುಚ್ಚಿಸಿಬಿಡುತ್ತಾರೆಂಬ ಭಯ. ಆಫೀಸರ್ ಮಾತ್ರ ಗದರಲಿಲ್ಲ. ಅವರಿಗೂ ರೂಲ್ಸ್ ಅಂದರೆ ಪ್ರಾಣ, ಆದರೆ ಭಯದಿಂದಲ್ಲ, ಪ್ರೀತಿಯಿಂದ. ಬ್ರೀಫ್‌ಕೇಸ್ ಮೇಲೆ ಕೈಯೂರಿ, “ತಪ್ಪು ನಿಮ್ಮದಲ್ಲ. ನೋಟಿಸಿನಲ್ಲಿ ನಾವು ಬಿಡಿಸಿ ಬರೆಯಬೇಕಿತ್ತು. ಇನ್ನು ಮೇಲೆ ಚೀಲ ಬೇಡ, ಬಸ್ ಟಿಕೆಟ್ ನೋಡಿ. ಅವತ್ತಿನ ಟಿಕೆಟ್ ಇದ್ದವರು ಪ್ರಯಾಣಿಕರು. ನಾನು ದಿನಾ ಬಂದು ಚೆಕ್ ಮಾಡ್ತೀನಿ,” ಎಂದರು.

ಮಾರನೆಯ ದಿನ ಇಡೀ ಬೀದಿ ಬಸ್ ಹತ್ತಿತು. ಹಿಂದಿನ ಸ್ಟಾಪು ಮಾರ್ಕೆಟ್. ಎಲ್ಲರೂ ಅಲ್ಲಿಗೆ ನಡೆದು ಹೋಗಿ, ಬಸ್ ಹತ್ತಿ, ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಟಿಕೆಟ್ ತೋರಿಸಿ ಊಟ ಮಾಡಿದರು. ಡ್ರಾಯಿಂಗ್ ಮೇಷ್ಟ್ರಿಗೆ ಅಭ್ಯಾಸ ತಪ್ಪಲಿಲ್ಲ, ಸೂಟ್‌ಕೇಸನ್ನೂ ಜೊತೆಗೆ ಕರೆದುಕೊಂಡು ಹೋದರು. ಕಂಡಕ್ಟರ್ ತಮಗೆ ತಾವೇ ಒಂದು ಟಿಕೆಟ್ ಹರಿದುಕೊಂಡು, ಅಂತೂ ಒಳಗೆ ಬಂದು ಕೂತರು.

ಅವತ್ತೇ ಯಾಕಮ್ಮ ಡಬ್ಬಿ ಹಿಡಿದು ಮೇಲೆ ಹೋದಾಗ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಬೆನ್ನು ಗೋಡೆಗೆ ಒರಗಿತ್ತು. ಹಣೆ ತುಂಬ ಬೆವರು. ಪಕ್ಕದಲ್ಲಿ ಒಂದು ಚೊಂಬು ಉರುಳಿ ಬಿದ್ದಿತ್ತು.

ಯಾಕಮ್ಮ ಡಬ್ಬಿ ಕೆಳಗಿಟ್ಟು ಓಡಿದಳು. “ಅಜ್ಜಿ, ಬಿದ್ಯಾ?”

“ಬೀಳಲಿಲ್ಲ. ಕೂತೆ,” ಎಂದಳು ಅಜ್ಜಿ.

“ನಾನು ಅಪ್ಪನಿಗೆ ಹೇಳ್ತೀನಿ. ನೀನು ಮಾತು ಬಿಟ್ರೂ ಪರವಾಗಿಲ್ಲ.”

ಹಾಗೆ ಹೇಳುವಾಗ ಯಾಕಮ್ಮನಿಗೆ ಅಳು ಬಂದುಬಿಟ್ಟಿತು. ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಹೊರಗೆ ಬೆಕ್ಕು ಊಟದ ಹೊತ್ತಾಯಿತೆಂದು ಕೂಗತೊಡಗಿತು.

“ಅಜ್ಜಿ, ಯಾರ್ಯಾರು ಉಪವಾಸ ಮಾಡಬೇಕಿಲ್ಲ?” ಎಂದು ಯಾಕಮ್ಮ ಮೂಗು ಒರೆಸಿಕೊಂಡು ಕೇಳಿದಳು.

“ಮಕ್ಕಳು. ಕಾಯಿಲೆಯವರು. ಪ್ರಯಾಣದಲ್ಲಿ ಇರೋರು.”

“ನೀನು ಕಾಯಿಲೆಯವಳು ತಾನೆ?”

“ಯಾರು, ನಾನಾ? ಕಾಯಿಲೆಯವರು ಅಂದ್ರೆ ಹಾಸಿಗೆ ಹಿಡಿದಿರೋರು. ನಾನು ಗಟ್ಟಿಮುಟ್ಟಾಗಿದ್ದೀನಿ,” ಎಂದು ಅಜ್ಜಿ ಏಳಲು ನೋಡಿದಳು. ಆಗಲಿಲ್ಲ. ಕೂತಲ್ಲೇ ಕೂತಳು.

ಯಾಕಮ್ಮ ಅಜ್ಜಿಯ ಮುಖವನ್ನೇ ನೋಡಿದಳು. ಇವಳ ಬಾಯಲ್ಲಿ ‘ನಾನು ಕಾಯಿಲೆಯವಳು’ ಎಂಬ ಮಾತು ಬರುವುದೇ ಇಲ್ಲ ಎಂದು ಅವಳಿಗೆ ಗೊತ್ತಾಯಿತು. ಮಕ್ಕಳ ಲೆಕ್ಕಕ್ಕೂ ಅಜ್ಜಿಯನ್ನು ಸೇರಿಸುವ ಹಾಗಿಲ್ಲ.

“ಹಾಗಾದ್ರೆ ಪ್ರಯಾಣ ಹೋಗೋಣ,” ಎಂದಳು.

“ಕೆಳಗೆ ಮಾಡ್ತಿದ್ದಾರಲ್ಲ, ಆ ದಿಂಬಿನ ನಾಟಕವಾ? ಆಫೀಸರ ಕಣ್ಣಿಗೆ ಮಣ್ಣೆರಚಬಹುದು. ಮೇಲಿರೋನ ಕಣ್ಣಿಗೆ ಎರಚೋಕಾಗುತ್ತಾ?”

“ನಾಟಕ ಅಲ್ಲ ಅಜ್ಜಿ. ನಿಜವಾಗ್ಲೂ. ದೊಡ್ಡಜ್ಜಿ ಮನೆಗೆ ಹೋಗಬೇಕು ಅಂತ ಎಷ್ಟು ವರ್ಷದಿಂದ ಹೇಳ್ತಾನೇ ಇದ್ದೀಯ. ನಾಳೆ ಹೊರಡೋಣ. ದಾರೀಲಿ ಹೊಟ್ಟೆ ಹಸಿದ್ರೆ ಇಳಿದು ಊಟ ಮಾಡೋಣ.”

ಅಜ್ಜಿ ಸೆರಗಿನಿಂದ ಹಣೆ ಒರೆಸಿಕೊಂಡಳು. ಅವಳ ಅಕ್ಕನ ಊರು ದೂರ. ಹೋಗಬೇಕೆಂಬ ಆಸೆ ನಿಜವಾದದ್ದೇ.

“ಚೀಲದಲ್ಲಿ ದಿಂಬು ಇಡಲ್ಲ,” ಎಂದಳು ಕೊನೆಗೆ. “ಬಟ್ಟೆನೇ ಇಡೋದು.”

“ಸರಿ. ಆದ್ರೆ ಇವತ್ತು ಈ ಬೆಲ್ಲದ ನೀರು ಕುಡಿಬೇಕು. ಸಕ್ಕರೆ ಇಳಿದು ತಲೆ ಸುತ್ತಿದ್ರೆ ಸಿಹಿ ಕೊಡಿ ಅಂದಿದ್ದಾರೆ ಡಾಕ್ಟರ್. ಇಲ್ಲದಿದ್ರೆ ಈಗ್ಲೇ ಅಪ್ಪನ್ನ ಕರೀತೀನಿ,” ಎಂದಳು ಯಾಕಮ್ಮ, ಆಗಲೇ ಎದ್ದು ಲೋಟದಲ್ಲಿ ಬೆಲ್ಲ ಕದಡುತ್ತ.

“ಉಪವಾಸ ಮುರಿದುಹೋಗುತ್ತಲ್ಲೇ.”

“ನಾಳೆ ಹೊರಡೋದಾದ್ರೆ ಇವತ್ತೇ ಪ್ಯಾಕಿಂಗ್. ಪ್ಯಾಕಿಂಗ್ ಶುರುವಾದ್ರೆ ಪ್ರಯಾಣ ಶುರುವಾದ ಹಾಗೇ.”

ಅಜ್ಜಿ ಅದನ್ನು ಒಪ್ಪಿದಳೋ, ಅಥವಾ ವಾದ ಮಾಡಲು ಶಕ್ತಿ ಇರಲಿಲ್ಲವೋ, ಅಂತೂ ಲೋಟಕ್ಕೆ ಕೈ ಚಾಚಿದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಕೂತಲ್ಲಿಂದಲೇ ಯಾವ ಯಾವ ಬಟ್ಟೆ ಮಡಚಬೇಕೆಂದು ಹೇಳತೊಡಗಿದಳು.

ಮರುದಿನ ಸ್ಕೂಲಿನಿಂದ ಬಂದವಳೇ ಯಾಕಮ್ಮ ಅಜ್ಜಿಯನ್ನು ಹಿಂದಿನ ಮೆಟ್ಟಿಲಿನಿಂದ ಇಳಿಸಿದಳು. ಆಟೋದಲ್ಲಿ ಮಾರ್ಕೆಟ್ ತನಕ ಹೋಗಿ ಬಸ್ ಹತ್ತಿದರು. ಮನೆಯಿಂದ ಹೋಟೆಲಿಗೆ ಇಳಿಯಲು ಒಂದು ಸಾಲು ಮೆಟ್ಟಿಲು ಸಾಕು. ಅಷ್ಟಕ್ಕೆ ಆಟೋ, ಬಸ್ಸು ಎರಡನ್ನೂ ಹಿಡಿದವಳು ಪ್ರಪಂಚದಲ್ಲಿ ಈ ಅಜ್ಜಿ ಒಬ್ಬಳೇ ಇರಬೇಕು.

ಬಸ್ಸಿನಲ್ಲಿ ಅದೇ ಕಂಡಕ್ಟರ್. “ಎಲ್ಲಿಗೆ ಅಜ್ಜಿ?” ಎಂದರು.

ಅಜ್ಜಿ ಅಕ್ಕನ ಊರಿನ ಹೆಸರು ಹೇಳಿದಳು.

“ಇದು ಬಸ್ ಸ್ಟ್ಯಾಂಡ್ ತನಕ ಮಾತ್ರ. ಅಲ್ಲಿಂದ ಬೇರೆ ಬಸ್ಸು.”

“ಗೊತ್ತಪ್ಪ. ಅಲ್ಲಿ ತನಕ ಕೊಡಿ. ಊಟ ಮುಗಿಸಿ ಮುಂದಿಂದು ನೋಡ್ಕೊಳ್ತೀನಿ.”

ಬಸ್ಸು ಹೊರಟು, ಇನ್ನೇನು ವೇಗ ಹಿಡಿಯಿತು ಅನ್ನುವಷ್ಟರಲ್ಲಿ ನಿಂತಿತು. ಅಜ್ಜಿ ಸೀಟಿನ ಕಂಬಿ ಬಿಗಿಯಾಗಿ ಹಿಡಿದು, ಕಿಟಕಿಯಾಚೆ ತನ್ನದೇ ಮನೆಯ ಬಾಲ್ಕನಿಯನ್ನು, ಅಲ್ಲಿ ಕಾದು ಕೂತಿದ್ದ ಬೆಕ್ಕನ್ನು ಹೊಸ ಊರು ನೋಡುವ ಹಾಗೆ ನೋಡಿದಳು.

ಹೋಟೆಲಿನ ಬಾಗಿಲಲ್ಲಿ ಅವತ್ತು ಅಪ್ಪನೇ ನಿಂತಿದ್ದ. ಪಕ್ಕದಲ್ಲಿ ಚೆಕ್ ಮಾಡಲು ಬಂದ ಆಫೀಸರ್. ಚೀಲ ಹಿಡಿದ ಮಗಳು, ಅವಳ ಕೈ ಹಿಡಿದು ಬಸ್ಸಿನಿಂದ ಇಳಿಯುತ್ತಿರುವ ತಾಯಿ. ಅಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ಅಜ್ಜಿ ನೇರವಾಗಿ ಬಂದು ಆಫೀಸರ್ ಕೈಗೆ ಟಿಕೆಟ್ ಕೊಟ್ಟಳು.

“ಮಾರ್ಕೆಟ್‌ನಿಂದ ಬಸ್ ಸ್ಟ್ಯಾಂಡಿಗೆ. ಇದೆಂಥ ಪ್ರಯಾಣ?” ಎಂದರು ಆಫೀಸರ್. ಇಂಥ ಟಿಕೆಟ್ ನೋಡಿ ನೋಡಿ ಅವರಿಗೂ ಬೇಸರ ಬಂದಿತ್ತು.

“ಅಕ್ಕನ ಮನೆಗೆ ಹೊರಟಿದ್ದೀನಿ. ಮಧ್ಯೆ ಊಟಕ್ಕೆ ಇಳಿದೆ. ಬೇಕಾದ್ರೆ ಚೀಲ ಬಿಚ್ಚಿ ನೋಡಿ.”

ಆಫೀಸರ್ ಜಿಪ್ ಎಳೆದರು. ಮಡಚಿಟ್ಟ ಬಟ್ಟೆ, ಟವೆಲು, ಬಾಚಣಿಗೆ, ಅಕ್ಕನಿಗೆಂದು ಕಟ್ಟಿಟ್ಟ ಒಂದು ಹೊಸ ಶಾಲು. ಎಲ್ಲದರ ಮೇಲೆ ಮಧ್ಯಾಹ್ನದ ಮಾತ್ರೆಯ ಸ್ಟ್ರಿಪ್. ಅದರಲ್ಲಿ ಒಂದು ಮಾತ್ರೆಯೂ ಖಾಲಿಯಾಗಿರಲಿಲ್ಲ.

ಆಫೀಸರ್ ಅದನ್ನು ನೋಡಿದರು. ಅವರ ಭುಜದ ಮೇಲಿಂದ ಅಪ್ಪನೂ ನೋಡಿದ. ಯಾಕಮ್ಮ ನೆಲ ನೋಡುತ್ತ ನಿಂತಳು. ಇನ್ನು ಬೈಗುಳ ಖಂಡಿತ ಎಂದುಕೊಂಡಳು. ಅಜ್ಜಿಯನ್ನು ಇಷ್ಟು ಜನರ ಮುಂದೆ ಬೈದರೆ ಅವಳು ಇನ್ನೆಂದೂ ಒಂದು ತುತ್ತೂ ಮುಟ್ಟುವುದಿಲ್ಲ.

ಆಫೀಸರ್ ಸದ್ದಾಗದ ಹಾಗೆ ಜಿಪ್ ಮುಚ್ಚಿದರು. “ಸರಿಯಾಗಿದೆ,” ಎಂದರು. “ಈ ಬೀದಿಯಲ್ಲಿ ನಾನು ನೋಡಿದ ಮೊದಲನೇ ಪ್ರಯಾಣದ ಚೀಲ.”

ಅಪ್ಪ ಹೆಗಲ ಮೇಲಿನ ಟವೆಲಿನಿಂದ ಒಮ್ಮೆ ಮುಖ ಒರೆಸಿಕೊಂಡ. ಆಮೇಲೆ ಬೇರೆ ಗಿರಾಕಿಗಳಿಗೆ ಹೇಳುವ ಹಾಗೆ, “ಬನ್ನಿ ಅಮ್ಮ. ದೂರದಿಂದ ಬಂದಿದ್ದೀರಿ, ಒಳಗೆ ಕೂತ್ಕೊಳ್ಳಿ,” ಎಂದ.

ಫ್ಯಾನಿನ ಕೆಳಗಿನ ಮೇಜಿನಲ್ಲಿ ಅಜ್ಜಿ ಕೂತಳು. ಅಪ್ಪ ನೀರು ತಂದಿಟ್ಟ, ಮಾತ್ರೆ ಬಿಡಿಸಿ ಕೊಟ್ಟ. “ಏನು ತಗೊಳ್ತೀರಿ?” ಎಂದು ಕೇಳಿದ. “ಬಿಸಿ ಅನ್ನ ಇದೆ, ಬೇಳೆ ಇದೆ. ಖಾರ ಕಮ್ಮಿ ಹಾಕಿಸ್ಲಾ ನಿಮಗೆ?” ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನೋಡುತ್ತಿದ್ದಳು. ಒಳಗೆ ಹೋಗಿ ತಾನೇ ತಟ್ಟೆ ತಂದಳು.

ಅಜ್ಜಿ ಅನ್ನ ಕಲಸಿದಳು. ಮೊದಲ ತುತ್ತು ಬಾಯಿಗಿಡಲು ಬಹಳ ಹೊತ್ತು ಹಿಡಿಯಿತು. ಆಮೇಲೆ ತಿನ್ನತೊಡಗಿದಳು. ಪಕ್ಕದ ಮೇಜಿನಿಂದ ಡ್ರಾಯಿಂಗ್ ಮೇಷ್ಟ್ರು, “ಯಾವ ಕಡೆ ಅಜ್ಜಿ?” ಎಂದು ಮರ್ಯಾದೆಯಿಂದ ವಿಚಾರಿಸಿದರು. ಅಜ್ಜಿ ಅಕ್ಕನ ಊರಿನ ಬಗ್ಗೆ, ಅಲ್ಲಿನ ಗಾಳಿ ಎಷ್ಟು ತಣ್ಣಗಿರುತ್ತದೆ ಎಂಬುದರ ಬಗ್ಗೆ ಹೇಳಿದಳು.

ಅರ್ಧ ತಟ್ಟೆಯಾದ ಮೇಲೆ ಕೈ ನಿಲ್ಲಿಸಿದಳು. “ಸಾಕಪ್ಪ. ಬಸ್ಸಿಗೆ ಹೊತ್ತಾಗುತ್ತೆ.”

ಅಪ್ಪ ಬಗ್ಗಿ ಇನ್ನೊಂದು ಸೌಟು ಅನ್ನ ಬಡಿಸಿದ.

“ಬಸ್ಸು ಕಾಯುತ್ತಮ್ಮ,” ಎಂದ. “ನೀನು ತಿನ್ನು.”

ಅದನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಪಕ್ಕದ ಮೇಜಿಗೂ ಕೇಳಿಸಲಿಲ್ಲ. ಯಾಕಮ್ಮನಿಗೆ ಕೇಳಿಸಿತು. ಅಪ್ಪ ಇನ್ನೂ ಬಗ್ಗಿಯೇ ನಿಂತಿದ್ದ, ಅಜ್ಜಿ ತಲೆ ಎತ್ತದೆ ಅನ್ನ ಕಲಸುತ್ತಿದ್ದಳು.

ಬಾಗಿಲಿನ ಪರದೆ ಗಾಳಿಗೆ ಒಂದು ಪಕ್ಕ ಸರಿದಿತ್ತು. ಯಾಕಮ್ಮ ಅದನ್ನು ಪೂರ್ತಿ ಎಳೆದು ಮುಚ್ಚಿ, ಹೊರಗೆ ಬಂದು ನಿಂತಳು.